ದೇವರಾಜ ಮಾರ್ಕೆಟ್ ಫೋಟೋ ಡಿಜಿಟಲ್‌ನಲ್ಲಿ ಚೆನ್ನಾಗಿ ಬಂತು, ರೀಲಿನಲ್ಲಿ ಮಂಕಾಯಿತು. ತಪ್ಪು ಎಲ್ಲಿ?

ಪ್ರಶ್ನೆ: ಸರಸ್ವತಿಪುರಂ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ರೀಲು ಕ್ಯಾಮೆರಾ, ಪೆಂಟಾಕ್ಸ್ ಕೆ1000, ಹದಿನೈದು ವರ್ಷದಿಂದ ಬೀರುವಿನಲ್ಲಿ ಸುಮ್ನೆ ಇತ್ತು. ಹೋದ ತಿಂಗಳು ಒಂದು ಎಲ್‌ಆರ್44 ಸೆಲ್ ಹಾಕಿ ನೋಡಿದೆ. ಬೆಳಕು ಅಳೆಯುವ ಮೀಟರಿನ ಮುಳ್ಳು ಅಲ್ಲಾಡಿತು. ಆ ಖುಷಿಯಲ್ಲಿ ಕೊಡಾಕ್ ಗೋಲ್ಡ್ 200 ರೀಲು ತರಿಸಿದೆ. ರೀಲು, ತೊಳೆಸಿದ್ದು, ಸ್ಕ್ಯಾನ್ ಮಾಡಿಸಿದ್ದು ಎಲ್ಲ ಸೇರಿ ಸಾವಿರದ ಐನೂರರ ಹತ್ತಿರ ಬಿತ್ತು. 36 ಫೋಟೋಗೆ ಇಷ್ಟು. ಅಂದರೆ ಒಂದು ಸಲ ಬಟನ್ ಒತ್ತಿದರೆ ನಲವತ್ತು ರೂಪಾಯಿ.

ಇಷ್ಟು ಖರ್ಚು ಮಾಡುವಾಗ ಸರಿಯಾಗಿ ಹೋಲಿಸಿಯೇ ನೋಡೋಣ ಅಂತ ಡಿಜಿಟಲ್ ಕ್ಯಾಮೆರಾವನ್ನೂ ಜೊತೆಗೆ ಒಯ್ದೆ. ಒಂದೇ ಜಾಗ, ಒಂದೇ ಹೊತ್ತು. ಎರಡರಲ್ಲೂ ಐಎಸ್‌ಒ (ಬೆಳಕು ಹಿಡಿಯುವ ಚುರುಕು) 200. ಡಿಜಿಟಲ್‌ನಲ್ಲಿ ಬಂದ ಶಟರ್ ವೇಗ ಮತ್ತು ಎಫ್ ನಂಬರನ್ನೇ (ಲೆನ್ಸಿನ ಕಿಂಡಿಯ ಅಳತೆ) ಪೆಂಟಾಕ್ಸ್‌ಗೂ ಇಟ್ಟೆ.

ಕುಕ್ಕರಹಳ್ಳಿ ಕೆರೆಯಲ್ಲಿ ಬೆಳಗ್ಗೆ ಆರೂವರೆಗೆ ತೆಗೆದದ್ದು ರೀಲಿನಲ್ಲಿ ತುಂಬಾ ಚೆನ್ನಾಗಿದೆ. ನೀರಿನ ಮೇಲೆ ಸೂರ್ಯ ಬಿದ್ದ ಕಡೆ ಡಿಜಿಟಲ್‌ನಲ್ಲಿ ಒಂದು ಬಿಳಿ ತೇಪೆ ಹಾಕಿದ ಹಾಗಿದೆ. ರೀಲಿನಲ್ಲಿ ಅದೇ ಬೆಳಕು ಹಳದಿಯಾಗಿ, ಮೆಲ್ಲಗೆ ಹರಡಿಕೊಂಡಿದೆ.

ಆದರೆ ದೇವರಾಜ ಮಾರ್ಕೆಟ್ ಪೂರ್ತಿ ಹಾಳು. ಹೂವಿನ ಸಾಲು, ಕುಂಕುಮದ ಗುಡ್ಡೆ, ಬಾಳೆಕಾಯಿ ಮಂಡಿ, ಎಲ್ಲ ಮಂಕು. ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣ, ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಡಿಜಿಟಲ್‌ನಲ್ಲಿ ಅದೇ ಫೋಟೋ ಸೊಗಸಾಗಿದೆ. ಬಿಸಿಲು ಬಿದ್ದ ಕಡೆ ಸುಟ್ಟುಹೋಗಬಾರದು ಅಂತ ನಾನು ಡಿಜಿಟಲ್‌ನಲ್ಲಿ ಯಾವಾಗಲೂ ಒಂದು ಸ್ಟಾಪ್ ಕಮ್ಮಿ (ಅಂದರೆ ಅರ್ಧ ಬೆಳಕು) ಇಡುತ್ತೇನೆ, ಮಾರ್ಕೆಟ್‌ನಲ್ಲೂ ಹಾಗೇ ಮಾಡಿದೆ. ಕೆರೆ ಹತ್ತಿರ ಮಾತ್ರ ಹಾಗೆ ಮಾಡಿರಲಿಲ್ಲ. ಇನ್ನು ಭಾನುವಾರ ರಾತ್ರಿ ಅರಮನೆ ದೀಪ ತೆಗೆದದ್ದು ಪೂರ್ತಿ ಕಿತ್ತಳೆ.

ಕ್ಯಾಮೆರಾ ಕೆಟ್ಟಿದೆಯಾ, ತೊಳೆದವರು ಕೆಡಿಸಿದರಾ, ಅಥವಾ ರೀಲೇ ಅಷ್ಟು ಅಂತ ಒಪ್ಪಿಕೊಳ್ಳಬೇಕಾ? ಇದು ಅಪ್ಪ ನನ್ನ ಚಿಕ್ಕಂದಿನ ಫೋಟೋ ಎಲ್ಲ ತೆಗೆದ ಕ್ಯಾಮೆರಾ. ಬಿಡಲು ಮನಸ್ಸಿಲ್ಲ.

ಉತ್ತರ: ಬೆಳಕು ನೆರಳು, ಮೈಸೂರು

ಲ್ಯಾಬಿನವರನ್ನು ಬೈಯುವ ಮುಂಚೆ ನೆಗೆಟಿವ್ ತೆಗೆದು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಸ್ಕ್ಯಾನ್ ನೋಡಬೇಡಿ, ನೆಗೆಟಿವ್ ನೋಡಿ. ಅಂಚಿನಲ್ಲಿ ರೀಲಿನ ಹೆಸರು, ಫ್ರೇಮ್ ನಂಬರ್ ಇರುತ್ತದಲ್ಲ, ಅದನ್ನು ಫ್ಯಾಕ್ಟರಿಯಲ್ಲೇ ಬೆಳಕು ಬಿಟ್ಟು ಬರೆದಿರುತ್ತಾರೆ. ತೊಳೆದಾಗ ಅದು ಮೂಡುತ್ತದೆ. ಅಕ್ಷರ ಗಾಢವಾಗಿ ಕಂಡರೆ ತೊಳೆದದ್ದು ಸರಿ ಇದೆ. ಅಕ್ಷರ ಗಾಢವಾಗಿದ್ದು ಫೋಟೋ ಮಾತ್ರ ತೆಳ್ಳಗಿದ್ದರೆ ಕ್ಯಾಮೆರಾದೊಳಗೆ ಬೆಳಕು ಸಾಲಲಿಲ್ಲ ಅಂತ ಅರ್ಥ.

ನೀವು ಬರೆದದ್ದು ಓದಿದರೆ ಆಗಿದ್ದು ಅದೇ. ಒಂದೇ ಶಟರ್, ಒಂದೇ ಎಫ್ ನಂಬರ್ ಇಟ್ಟರೆ ಹೋಲಿಕೆ ನ್ಯಾಯವಾಗಿರುತ್ತದೆ ಅಂದುಕೊಂಡಿರಿ. ಎಲ್ಲರಿಗೂ ಹಾಗೇ ಅನಿಸುತ್ತದೆ. ಆದರೆ ಇವೆರಡೂ ಬೆಳಕನ್ನು ಹಿಡಿಯುವ ರೀತಿಯೇ ಉಲ್ಟಾ.

ಡಿಜಿಟಲ್ ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೊಂದು ಲೋಟ ಇದ್ದ ಹಾಗೆ. ತುಂಬಿದ ಮೇಲೆ ಮುಗಿಯಿತು. ಎಷ್ಟು ಸುರಿದರೂ ಅದು ಬರೀ ಬಿಳಿ, ಆಮೇಲೆ ಅದರಿಂದ ಏನೂ ತೆಗೆಯಲು ಆಗುವುದಿಲ್ಲ. ಆದರೆ ತಳದಲ್ಲಿ ಸ್ವಲ್ಪ ಬಿದ್ದಿದ್ದರೂ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳಬಹುದು. ಹಾಗಾಗಿ ಅಲ್ಲಿ ನಿಮ್ಮ ಒಂದು ಸ್ಟಾಪ್ ಕಮ್ಮಿ ಅಭ್ಯಾಸ ಒಳ್ಳೆಯದೇ.

ನೆಗೆಟಿವ್ ಹಾಗಲ್ಲ. ಬೆಳಕು ಜಾಸ್ತಿ ಆದಷ್ಟೂ ಅದು ದಟ್ಟ ಆಗುತ್ತಾ ಹೋಗುತ್ತದೆ, ಆದರೆ ಮೇಲೆ ಮೇಲೆ ಹೋದಂತೆ ನಿಧಾನವಾಗಿ. ಕಲರ್ ನೆಗೆಟಿವ್ ಎರಡು ಸ್ಟಾಪ್ ಜಾಸ್ತಿ ಬೆಳಕನ್ನು ಆರಾಮಾಗಿ ತಡೆದುಕೊಳ್ಳುತ್ತದೆ. ಕೆರೆಯ ನೀರಿನ ಮೇಲಿನ ಬೆಳಕು ನಿಮಗೆ ಮೆಲ್ಲಗೆ ಹರಡಿದ ಹಾಗೆ ಕಂಡದ್ದು ಇದರಿಂದಲೇ. ನೆರಳಿನಲ್ಲಿ ಬೆಳಕು ಸಾಲದಿದ್ದರೆ ಮಾತ್ರ ಅಲ್ಲಿ ಏನೂ ಮೂಡುವುದಿಲ್ಲ, ಬರೀ ಖಾಲಿ ಫಿಲ್ಮ್. ಸ್ಕ್ಯಾನರ್ ಆ ಖಾಲಿ ಜಾಗದಿಂದ ಏನಾದರೂ ಎತ್ತಲು ಹೋಗಿ ಬೂದಿ ಬಣ್ಣ, ಕಾಳು ಕೊಡುತ್ತದೆ. ನಿಮ್ಮ ಮಾರ್ಕೆಟ್ ಫೋಟೋ ಅದೇ.

ಮುಂದಿನ ರೀಲಿಗೆ ಐಎಸ್‌ಒ ಡಯಲನ್ನು 200ರ ಬದಲು 100ಕ್ಕೆ ಇಡಿ. ಅಷ್ಟಕ್ಕೇ ಒಂದು ಸ್ಟಾಪ್ ಜಾಸ್ತಿ ಸಿಗುತ್ತದೆ. ಮಾರ್ಕೆಟ್ ಒಳಗೆ ಮೀಟರ್ ನೋಡುವಾಗ ಆಕಾಶ, ಬಿಸಿಲಿನ ಪಟ್ಟಿ ಫ್ರೇಮಿನಲ್ಲಿ ಬರದ ಹಾಗೆ ಕ್ಯಾಮೆರಾವನ್ನು ಕೆಳಗೆ ಬಾಗಿಸಿ, ನೆರಳಿನಲ್ಲಿರುವ ಹೂವನ್ನು ನೋಡಿ ಅಳತೆ ತಗೊಳ್ಳಿ. ಕೆ1000ರ ಮೀಟರ್ ಇಡೀ ಫ್ರೇಮಿನ ಬೆಳಕನ್ನು ಸರಾಸರಿ ಮಾಡುತ್ತದೆ. ಮೇಲೆ ಒಂದು ತುಂಡು ಆಕಾಶ ಸೇರಿದರೂ ಸಾಕು, ಮುಳ್ಳು ಮೋಸ ಹೋಗುತ್ತದೆ.

ಅರಮನೆ ವಿಷಯ ಬೇರೆ. ಗೋಲ್ಡ್ ಹಗಲು ಬೆಳಕಿಗೆ ಮಾಡಿದ ಫಿಲ್ಮ್. ಅಲ್ಲಿರುವುದು ಹತ್ತಿರ ಹತ್ತಿರ ಒಂದು ಲಕ್ಷ ಹಳದಿ ಬಲ್ಬು. ಡಿಜಿಟಲ್ ಕ್ಯಾಮೆರಾ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಾಣಿಕೆ) ತಾನೇ ಸರಿ ಮಾಡಿಕೊಳ್ಳುತ್ತದೆ, ಫಿಲ್ಮ್ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತದೆ. 80ಎ ನೀಲಿ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ, ಆದರೆ ಅದು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಸ್ಟ್ಯಾಂಡ್ ಬೇಕೇ ಬೇಕು. ಇನ್ನೊಂದು ಮಾತು, ಯಾರಾದರೂ ಅಗ್ಗಕ್ಕೆ ಸಿನಿಮಾ ಫಿಲ್ಮ್ ಸುತ್ತಿದ ರೀಲು ಕೊಟ್ಟರೆ ವಿಚಾರಿಸಿ ತಗೊಳ್ಳಿ. ಅಂಥ ಎಷ್ಟೋ ಫಿಲ್ಮಿನ ಹಿಂದೆ ಒಂದು ಕಪ್ಪು ಪದರ ಇರುತ್ತದೆ. ಅದನ್ನು ಕಲರ್ ರೀಲು ತೊಳೆಯುವ ಮಾಮೂಲಿ ಸಿ-41 ಮಿಷಿನ್ನಿಗೆ ಹಾಕಿದರೆ ಲ್ಯಾಬಿನ ಕೆಮಿಕಲ್ಲೇ ಹಾಳಾಗುತ್ತದೆ.

ಉತ್ತರ: ಆಲೆಮನೆ ಹೊಗೆ, ಮಂಡ್ಯ

ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅದನ್ನು ಕಲಿತದ್ದು ಆಲೆಮನೆಯಲ್ಲಿ.

ನಮ್ಮ ಕಡೆಯ ಆಲೆಮನೆ ಒಳಗೆ ಹೋದರೆ ಗೊತ್ತಾಗುತ್ತದೆ. ಹೊಗೆ ಹಿಡಿದ ಕರೀ ಗೋಡೆ. ನಡುವೆ ಕೊಪ್ಪರಿಗೆಯಿಂದ ಏಳುವ ಬಿಳೀ ಆವಿ. ಕೆಳಗೆ ಒಲೆ ಬಾಯಿ, ಅದಕ್ಕೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಾ ಒಬ್ಬರು ಕೂತಿರುತ್ತಾರೆ. ಮುಖಕ್ಕೆ ಬೆಂಕಿ ಬೆಳಕು, ಬೆನ್ನಿಗೆ ಕತ್ತಲೆ. ಇದಕ್ಕಿಂತ ಕಷ್ಟದ ಬೆಳಕು ನಾನು ನೋಡಿಲ್ಲ. ಡಿಜಿಟಲ್‌ನಲ್ಲಿ ಮುಖ ಸರಿ ಬರುವ ಹಾಗೆ ಇಟ್ಟರೆ ಒಲೆ ಬಾಯಿ ಬಿಳೀ ತೂತು. ಬೆಂಕಿ ಸರಿ ಮಾಡಿದರೆ ಮನುಷ್ಯನೇ ಇಲ್ಲ. ಎರಡು ಸ್ಟಾಪ್ ಕಮ್ಮಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ನೆರಳು ಎತ್ತಿದರೆ ಎರಡೂ ಸಿಗುತ್ತವೆ, ಅದನ್ನೂ ಮಾಡಿದ್ದೇನೆ, ಸುಳ್ಳು ಹೇಳಬಾರದು. ಆದರೆ ಇಲ್‌ಫರ್ಡ್ ಎಚ್‌ಪಿ5 ಕಪ್ಪು-ಬಿಳುಪು ರೀಲು ಹಾಕಿ, ಮುಖಕ್ಕೆ ಮೀಟರ್ ಹಿಡಿದು, ಬೆಂಕಿಯನ್ನು ಅದರ ಪಾಡಿಗೆ ಬಿಟ್ಟರೆ ಜ್ವಾಲೆಯ ನಾಲಿಗೆ ಒಂದೊಂದೂ ಬಿಡಿಬಿಡಿಯಾಗಿ ಬರುತ್ತದೆ. ಮೊದಲ ಸಲ ಆ ನೆಗೆಟಿವ್ ನೋಡಿದಾಗ ಬಚ್ಚಲುಮನೆಯಲ್ಲೇ ನಿಂತು ಹತ್ತು ನಿಮಿಷ ನೋಡಿದ್ದೇನೆ.

ರೀಲು ಹಾಕಿದರೆ ಮನುಷ್ಯ ನಿಧಾನ ಆಗುತ್ತಾನೆ, ಯೋಚನೆ ಮಾಡಿ ತೆಗೆಯುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿಧಾನ ಬೇಕಾದರೆ ಡಿಜಿಟಲ್‌ನಲ್ಲೂ ನಿಧಾನ ಆಗಬಹುದು. ನನಗೆ ರೀಲು ಬೇಕಾಗಿರುವುದು ಆ ಬೆಂಕಿಗೆ.

ಕಪ್ಪು-ಬಿಳುಪಾದರೆ ಮನೆಯಲ್ಲೇ ತೊಳೆಯಿರಿ ಮೇಡಂ, ಖರ್ಚು ಅರ್ಧ ಇಳಿಯುತ್ತದೆ. ಫಿಲ್ಮನ್ನು ತೊಳೆಯುವ ಡಬ್ಬಿಗೆ ಸುತ್ತುವಾಗ ಮಾತ್ರ ಪೂರ್ತಿ ಕತ್ತಲೆ ಬೇಕು. ಮುಚ್ಚಳ ಹಾಕಿದ ಮೇಲೆ ದೀಪದಲ್ಲೇ ಕೆಲಸ. ನಾನು ಡಿ-76 ಅನ್ನುವ ಡೆವಲಪರ್ (ಫೋಟೋ ಮೂಡಿಸುವ ಕೆಮಿಕಲ್) ಬಳಸುತ್ತೇನೆ. ನಮ್ಮ ಊರಲ್ಲಿ ನಿಜವಾದ ಕಷ್ಟ ನೀರು. ಡೆವಲಪರ್‌ಗೆ ಬರೆದಿರುವ ಸಮಯ ಎಲ್ಲ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ತಾರಸಿ ಮೇಲಿನ ಟ್ಯಾಂಕಿನ ನೀರು ಸುಡುತ್ತಿರುತ್ತದೆ. ಒಂದು ಬಕೆಟ್ ನೀರಿಗೆ ಐಸ್ ಹಾಕಿ, ಬಾಟಲಿಗಳನ್ನು ಅದರಲ್ಲಿ ಅರ್ಧ ಗಂಟೆ ನಿಲ್ಲಿಸಿ. 24ರವರೆಗೆ ಇಳಿದರೂ ಸಾಕು, ಚಾರ್ಟ್ ನೋಡಿ ಸಮಯ ಕಮ್ಮಿ ಮಾಡಿಕೊಳ್ಳಿ. ಸಮಯ ಐದು ನಿಮಿಷಕ್ಕಿಂತ ಕೆಳಗೆ ಹೋಗಬಾರದು, ಫೋಟೋ ಸಮನಾಗಿ ಮೂಡುವುದಿಲ್ಲ. ಕೊನೇ ಸಲ ಜಾಲಾಡುವಾಗ ಬೋರ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದಿಟ್ಟುಕೊಳ್ಳಿ. ಬಳಸಿದ ಹೈಪೋ (ಮೂಡಿದ ಫೋಟೋ ಅಳಿಯದ ಹಾಗೆ ನಿಲ್ಲಿಸುವ ಕೆಮಿಕಲ್) ನಾಲೆಗೆ ಸುರಿಯಬೇಡಿ, ಅದರಲ್ಲಿ ಬೆಳ್ಳಿ ಕರಗಿರುತ್ತದೆ.

ಉತ್ತರ: ಹಳೇ ಸ್ಟುಡಿಯೋ, ಮೈಸೂರು

ನೋಡಮ್ಮಾ, ನಾನು 1991ರಿಂದ 2006ರವರೆಗೆ ರೀಲಿನಲ್ಲೇ ಮದುವೆ ಹೊಡೆದವನು. ಅದಕ್ಕೂ ಮುಂಚೆ ‘ಇಂದು’ ಅನ್ನುವ ಹೆಸರಿನ ಕಪ್ಪು-ಬಿಳುಪು ರೀಲಿನಲ್ಲಿ ಕೆಲಸ ಕಲಿತೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಇಲ್ಲಿಂದ ನಾಲ್ಕು ಗಂಟೆ ದಾರಿ. ನಮ್ಮ ಪಕ್ಕದಲ್ಲೇ ಫಿಲ್ಮ್ ಆಗುತ್ತಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಆ ಫ್ಯಾಕ್ಟರಿ ಮುಚ್ಚಿಹೋಗಿದ್ದು ನನಗೆ ಇವತ್ತಿಗೂ ಬೇಜಾರು.

ಈಗ ಮದುವೆಗೆ ರೀಲು ಒಯ್ಯುತ್ತೀಯಾ ಅಂದರೆ ಇಲ್ಲ. ಕಾರಣ ಹೇಳುತ್ತೇನೆ. 1998ರಲ್ಲಿ ಒಂದು ಮದುವೆ. ಗಡಿಬಿಡಿಯಲ್ಲಿ ರೀಲು ಬದಲಾಯಿಸಿದೆ. ಫಿಲ್ಮಿನ ತುದಿ ಒಳಗಿನ ಉರುಳೆಗೆ ಸಿಕ್ಕಿಕೊಂಡಿರಲಿಲ್ಲ. ನಂಬರ್ ಏರುತ್ತಿತ್ತು, ಶಟರ್ ಸದ್ದು ಬರುತ್ತಿತ್ತು, ಫಿಲ್ಮ್ ಇದ್ದಲ್ಲೇ ಇತ್ತು. ಮಾಂಗಲ್ಯಧಾರಣೆ, ಸಪ್ತಪದಿ ಎಲ್ಲ ಹೋಯಿತು. ಹುಡುಗಿಯ ತಂದೆ ಒಂದು ಮಾತೂ ಬೈಯಲಿಲ್ಲ, ಸುಮ್ಮನೆ ಕುರ್ಚಿ ಮೇಲೆ ಕೂತುಬಿಟ್ಟರು. ತಪ್ಪು ನನ್ನದೇ. ಡಿಜಿಟಲ್ ಆಗಿದ್ದರೆ ಎರಡನೇ ಫೋಟೋಗೇ ಗೊತ್ತಾಗುತ್ತಿತ್ತು. ಬೇರೆಯವರ ಜೀವನದಲ್ಲಿ ಒಂದೇ ಸಲ ಆಗುವ ಕೆಲಸಕ್ಕೆ ನಾನು ಇನ್ನು ರೀಲು ನಂಬುವುದಿಲ್ಲ.

ನಿನಗೂ ಇದು ಬೇಕಾಗುತ್ತದೆ: ಲಿವರ್ ಎಳೆದಾಗಲೆಲ್ಲ ಎಡಗಡೆಯ ರಿವೈಂಡ್ ಹಿಡಿ ತಿರುಗುತ್ತಿದೆಯಾ ಅಂತ ನೋಡು. ತಿರುಗಿದರೆ ಫಿಲ್ಮ್ ಓಡುತ್ತಿದೆ. ಇನ್ನೊಂದು, ಕೆ1000ರ ಮೀಟರಿಗೆ ಸ್ವಿಚ್ ಇಲ್ಲ. ಲೆನ್ಸಿಗೆ ಕ್ಯಾಪ್ ಹಾಕಿಡದಿದ್ದರೆ ಸೆಲ್ ಸುಮ್ನೆ ಖಾಲಿಯಾಗುತ್ತದೆ. ಚರ್ಮದ ಚೀಲದಲ್ಲಿ ಇಟ್ಟು ಬೀರುವಿನಲ್ಲಿ ಮುಚ್ಚಬೇಡ, ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಬರುತ್ತದೆ.

ನೆಗೆಟಿವ್ ಮಾತ್ರ ಲ್ಯಾಬಿನಿಂದ ಕೇಳಿ ವಾಪಸ್ ತಗೋ. ಈಗ ಎಷ್ಟೋ ಜನ ಸ್ಕ್ಯಾನ್ ಬಂತು ಅಂತ ಅದನ್ನು ಅಲ್ಲೇ ಬಿಟ್ಟುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಹೋದ ವರ್ಷ ಒಬ್ಬರು ತಾಯಿ ತೀರಿಕೊಂಡರು ಅಂತ ಫೋಟೋ ಕೇಳಿಕೊಂಡು ಬಂದರು. 1994ರ ನೆಗೆಟಿವ್ ಹುಡುಕಿ ಪ್ರಿಂಟ್ ಹಾಕಿಕೊಟ್ಟೆ, ಸೀರೆಯ ಜರಿ ಕೂಡ ಹಾಗೇ ಇತ್ತು. 2007ರಲ್ಲಿ ನಾನೇ ಬರೆದಿಟ್ಟ ಸಿಡಿಗಳಲ್ಲಿ ಅರ್ಧ ಈಗ ತೆರೆಯುವುದಿಲ್ಲ.

ಸರಸ್ವತಿಪುರಂ ಹುಡುಗಿ (ಮೂರು ವಾರದ ಮೇಲೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೆಗೆಟಿವ್ ನೋಡಿದೆ. ಅಂಚಿನ ಅಕ್ಷರ ಗಾಢವಾಗಿದೆ, ಮಾರ್ಕೆಟ್ ಫ್ರೇಮ್‌ಗಳು ಮಾತ್ರ ಗಾಜಿನ ಹಾಗೆ ತೆಳ್ಳಗಿವೆ. ಕೆರೆಯದು ದಟ್ಟವಾಗಿದೆ. ಲ್ಯಾಬಿನವರ ತಪ್ಪು ಏನೂ ಇಲ್ಲ. ಮನೆಯ ಒಂದೇ ಗೋಡೆಗೆ ಎರಡೂ ಕ್ಯಾಮೆರಾ ಹಿಡಿದು ಮೀಟರನ್ನೂ ಹೋಲಿಸಿದೆ, ಹೆಚ್ಚುಕಮ್ಮಿ ಒಂದೇ ತೋರಿಸುತ್ತದೆ.

ಎರಡನೇ ರೀಲು ಡಯಲ್ 100ಕ್ಕೆ ಇಟ್ಟು ತೆಗೆದೆ. ಸ್ಟುಡಿಯೋ ಅಂಕಲ್ ಹೇಳಿದ ಹಾಗೆ ಪ್ರತಿ ಸಲ ರಿವೈಂಡ್ ಹಿಡಿ ನೋಡುತ್ತಾ ತೆಗೆದೆ. ಮಾರ್ಕೆಟ್‌ನಲ್ಲಿ ಮಲ್ಲಿಗೆ ಕಟ್ಟುವ ಅಜ್ಜಿಯ ಕೈಗೆ ಮೀಟರ್ ಹಿಡಿದೆ. ಹಿಂದೆ ಬಿಸಿಲು ಜೋರಾಗಿತ್ತು, ಹೋಗಲಿ ಅಂತ ಬಿಟ್ಟೆ. ನಿನ್ನೆ ಬಂತು. ಅಜ್ಜಿಯ ಕೈ ಬಳೆ, ಬಾಳೆನಾರು, ಹಿಂದಿನ ಬಿಸಿಲಿನಲ್ಲಿ ನಿಂತವರ ಬಿಳೀ ಪಂಚೆಯ ಮಡಿಕೆ, ಎಲ್ಲ ಇದೆ. ಅದೇ ಸೆಟ್ಟಿಂಗಿನಲ್ಲಿ ತೆಗೆದ ಡಿಜಿಟಲ್ ಫೋಟೋದಲ್ಲಿ ಈ ಸಲ ಪಂಚೆ ಬರೀ ಬಿಳಿ. ಅಪ್ಪನಿಗೆ ತೋರಿಸಿದೆ, ಕನ್ನಡಕ ಹಾಕಿಕೊಂಡು ನೆಗೆಟಿವನ್ನೇ ಕೇಳಿ ನೋಡಿದರು.

ಅಜ್ಜಿಗೆ ಒಂದು ಪ್ರಿಂಟ್ ಹಾಕಿಸಿದ್ದೇನೆ, ನಾಳೆ ಕೊಡಬೇಕು. ಮಂಡ್ಯದ ಅಣ್ಣ, ಆ ಆಲೆಮನೆ ನೋಡಲು ಅಪ್ಪನನ್ನೂ ಕರೆದುಕೊಂಡು ಒಂದು ಭಾನುವಾರ ಬರಬಹುದಾ? ಎಚ್‌ಪಿ5 ತರಿಸಿದ್ದೇನೆ.

ಆಲೆಮನೆ ಹೊಗೆ, ಮಂಡ್ಯ

ಖಂಡಿತ ಬನ್ನಿ ಮೇಡಂ, ಅಪ್ಪಾಜಿಯವರನ್ನೂ ಕರ್ಕೊಂಡು ಬನ್ನಿ. ಬೆಳಗ್ಗೆ ಏಳರೊಳಗೆ ಇದ್ದರೆ ಒಳ್ಳೆಯದು. ಆ ಹೊತ್ತಿಗೆ ಹೆಂಚಿನ ಸಂದಿಯಿಂದ ಬಿಸಿಲು ಆವಿ ಮೇಲೆ ಬೀಳುತ್ತದೆ. ಕ್ಯಾಮೆರಾಗೆ ಒಂದು ಒಣ ಬಟ್ಟೆ ತನ್ನಿ, ಕೊಪ್ಪರಿಗೆ ಹತ್ತಿರ ಹೋದರೆ ಲೆನ್ಸ್ ಮೇಲೆ ಬೆಲ್ಲದ ಹಬೆ ಕೂರುತ್ತದೆ.