ದನಿ ಒಡೆಯುತ್ತಿರುವ ಹುಡುಗ, ಆರು ಕ್ರಿಸ್ಮಸ್ ಹಾಡು: ಶ್ರುತಿ ಎಷ್ಟಕ್ಕೆ ಇಡೋದು?

ಅಂಡರ್ಸನ್‌ಪೇಟೆ_ಕೀಬೋರ್ಡ್:

ಕೆಜಿಎಫ್‌ನಲ್ಲಿ ಆರು ಹಾಡಿನ ಒಂದು ಕ್ರಿಸ್ಮಸ್ ಆಲ್ಬಂ ಆಗಬೇಕಿದೆ. ಕನ್ನಡ ನಾಲ್ಕು, ತಮಿಳು ಒಂದು, ತೆಲುಗು ಒಂದು (ನಮ್ಮೂರಲ್ಲಿ ಮೂರು ಭಾಷೆ ಸೇರದೆ ಹಬ್ಬ ಆಗಲ್ಲ). ಹಾಡುವ ಹುಡುಗನಿಗೆ ಹದಿಮೂರೂವರೆ. ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಮುಗಿದು ಸೀನಿಯರ್ ಪಾಠ ನಡೀತಿದೆ. ಇಷ್ಟು ದಿನ ಆರು ಮನೆ ಶ್ರುತಿ, ಅಂದರೆ ಕೀಬೋರ್ಡಿನ ಎ. ಟ್ರ್ಯಾಕುಗಳನ್ನು ಏಪ್ರಿಲ್‌ನಲ್ಲೇ ಆ ಶ್ರುತಿಗೆ ಮಾಡಿಟ್ಟಾಗಿದೆ.

ಈಗ ಸೆಪ್ಟೆಂಬರ್. ತಾರ ಷಡ್ಜ (ಮೇಲಿನ ಸ) ಹಿಡಿದು ನಿಲ್ಲಿಸಿದರೆ ಎರಡನೇ ಸೆಕೆಂಡಿಗೆ ದನಿ ಒಡೆದು ಕೆಳಕ್ಕೆ ಬೀಳುತ್ತೆ. ಒಂದೇ ಉಸಿರಲ್ಲಿ ಮುಗಿಸುತ್ತಿದ್ದ ಸಾಲಿಗೆ ಎರಡು ಉಸಿರು ಬೇಕು. ನೋವಿಲ್ಲ, ಕೆಮ್ಮಿಲ್ಲ. ಟ್ರ್ಯಾಕನ್ನು ಪಿಚ್ ಇಳಿಸಿ ಹಾಡಿಸಬಹುದಾ? ಒಡೆದ ಜಾಗ ಆಟೋಟ್ಯೂನ್‌ನಲ್ಲಿ ಸರಿ ಹೋಗುತ್ತಾ? ಇಲ್ಲಾ, ಮುಂದಿನ ವರ್ಷಕ್ಕೆ ತಳ್ಳೋದಾ?

ಮಂದ್ರಸ್ಥಾಯಿ (ಚಿಂತಾಮಣಿ):

ಉಸಿರು ಸಾಲದೆ ಇರೋದು ಸಾಧನೆ ಕಡಿಮೆಯಾಗಿ ಅಲ್ಲ. ಈ ವಯಸ್ಸಲ್ಲಿ ಗಂಟಲ ಗೂಡು ದೊಡ್ಡದಾಗುತ್ತೆ, ಧ್ವನಿ ತಂತುಗಳು ಉದ್ದವಾಗಿ ದಪ್ಪಗಾಗುತ್ತವೆ. ಆದರೆ ಅವನ್ನು ಹಿಂದುಗಡೆಯಿಂದ ಮುಚ್ಚಿಸುವ ಸ್ನಾಯು ಅಷ್ಟೇ ವೇಗದಲ್ಲಿ ಬಲಿಯೋದಿಲ್ಲ. ಹಿಂಭಾಗದಲ್ಲಿ ಸಣ್ಣ ಸಂದು ಉಳಿದು ಗಾಳಿ ಸೋರುತ್ತೆ. ಅದಕ್ಕೇ ದನಿಯಲ್ಲಿ ಉಸಿರಿನ ಸದ್ದು, ಅದಕ್ಕೇ ಸಾಲಿನ ಮಧ್ಯೆ ಉಸಿರು ಖಾಲಿ. ಗಂಡುಮಕ್ಕಳ ಮಾತಿನ ಶ್ರುತಿ ಈ ಅವಧಿಯಲ್ಲಿ ಹೆಚ್ಚುಕಮ್ಮಿ ಒಂದು ಸ್ಥಾಯಿ (ಒಂದು ಸ ಇಂದ ಮುಂದಿನ ಸ ವರೆಗಿನ ದೂರ) ಇಳಿಯುತ್ತೆ. ಹೆಣ್ಣುಮಕ್ಕಳಲ್ಲೂ ಇಳಿಯುತ್ತೆ, ಸುಮಾರು ಮೂರು ಅರ್ಧಸ್ವರ (ಕರಿ ಬಿಳಿ ಎಲ್ಲಾ ಸೇರಿ ಒಂದು ಕೀಯಿಂದ ಪಕ್ಕದ ಕೀಗೆ ಒಂದು ಅರ್ಧಸ್ವರ). ಅದಕ್ಕೆ ಅದು ಯಾರ ಕಣ್ಣಿಗೂ ಬೀಳಲ್ಲ.

ಶ್ರುತಿ ಎಷ್ಟಕ್ಕೆ ಅಂತ ನಾವು ಹೇಳೋಕಾಗಲ್ಲ, ಅಳೀಬೇಕು. ಬೆಳಿಗ್ಗೆ ಎದ್ದ ತಕ್ಷಣ ಬೇಡ, ಆಗ ಎಲ್ಲರ ದನಿಯೂ ಸುಳ್ಳು ಹೇಳುತ್ತೆ. ಹತ್ತೂವರೆ ಹನ್ನೊಂದಕ್ಕೆ, ತಂಬೂರಿ ಇಲ್ಲದೆ, ಕೀಬೋರ್ಡಿನ ನಡುವಿನ ಸಿ ಇಂದ ಶುರು ಮಾಡಿ. ಅಕಾರದಲ್ಲಿ, ಮೆಲ್ಲಗೆ, ಒಂದೊಂದೇ ಕೀ ಮೇಲೆ ಹೋಗಿ. ಪ್ರತಿ ಸ್ವರ ನಾಲ್ಕು ಎಣಿಕೆ ನಿಲ್ಲಬೇಕು. ಗಲ್ಲ ಮೇಲೆದ್ದರೆ, ಹುಬ್ಬು ಏರಿದರೆ ಆ ಸ್ವರ ಲೆಕ್ಕಕ್ಕಿಲ್ಲ. ಹಾಗೇ ಕೆಳಕ್ಕೂ ಬನ್ನಿ. ಮೂರು ದಿನ ಬರೆದಿಡಿ. ಮೂರು ದಿನವೂ ಸಿಕ್ಕ ಸ್ವರಗಳಷ್ಟೇ ಅವನವು. ಅದರಲ್ಲೂ ಮೇಲಿನ ಎರಡು ಅರ್ಧಸ್ವರ ಬಿಟ್ಟುಬಿಡಿ, ಮೈಕ್ ಮುಂದೆ ಅವು ಮೊದಲು ಕೈಕೊಡುತ್ತವೆ.

ಅಲ್ಲಿಯವರೆಗೆ ತಾರಸ್ಥಾಯಿ (ಮೇಲಿನ ಸ್ಥಾಯಿ) ವರಸೆ ನಿಲ್ಲಿಸಿ. ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಒತ್ತಿ ಒತ್ತಿ 'ಗಂಡು ದನಿ' ತರಿಸೋದೂ ಬೇಡ. ಸರಳೆ, ಜಂಟಿ (ಶುರುವಿನ ಸ್ವರಾಭ್ಯಾಸಗಳು) ಮಧ್ಯಸ್ಥಾಯಿಯಲ್ಲೇ ಇರಲಿ. ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ಶುರುವಿಗೆ ಒಂದು ಲೋಟ ನೀರಿಗೆ ಸ್ಟ್ರಾ ಎರಡು ಬೆರಳಗಲ ಮುಳುಗಿಸಿ, ಗುಳುಗುಳು ಅನ್ನಿಸುತ್ತಾ ಸ ದಿಂದ ಪ ವರೆಗೆ ಜಾರಿ ಬರಲಿ, ಎರಡು ಮೂರು ನಿಮಿಷ. ಗುಳ್ಳೆ ಒಂದೇ ಸಮ ಬಂದರೆ ಉಸಿರು ಸರಿ ಇದೆ ಅಂತ.

ದನಿ ಗೊಗ್ಗರಾಗಿ ಮೂರು ನಾಲ್ಕು ವಾರ ಹಾಗೇ ಇದ್ದರೆ, ಇಲ್ಲಾ ನೋವು ಬಂದರೆ, ಅದು ಬರೀ ವಯಸ್ಸಿನದು ಅಂತ ಕೂರಬೇಡಿ. ಇಎನ್‌ಟಿ ಡಾಕ್ಟರು ಕ್ಯಾಮೆರಾ ಇಟ್ಟು ನೋಡಲಿ.

ಶಿಡ್ಲಘಟ್ಟ_ರೇಷ್ಮೆದನಿ:

ನನ್ನ ಮಾತು ಕೇಳಿದರೆ ಮುಂದಿನ ವರ್ಷ ಮಾಡಿ. ಒಡೆದ ದನಿಯನ್ನು ಕ್ಯಾಸೆಟ್ ಮಾಡಿ ಊರಿಗೆಲ್ಲಾ ಕೇಳಿಸೋದು ಯಾಕೆ?

ಗೇಣುದೂರ_ಮೈಕ್ (ಕೋಲಾರ):

ಮುಂದಿನ ವರ್ಷ ದನಿ ಕೂತಿರುತ್ತೆ ಅನ್ನೋ ಗ್ಯಾರಂಟಿ ಯಾರು ಕೊಡ್ತಾರೆ? ಕೆಲವರಿಗೆ ಒಂದು ವರ್ಷ, ಕೆಲವರಿಗೆ ಎರಡು. ಈಗಿರುವ ದನಿಗೆ ತಕ್ಕ ಶ್ರುತಿ ಇಟ್ಟರೆ ಅದು ಒಡೆದ ದನಿ ಅಂತ ಕೇಳೋದೇ ಇಲ್ಲ. ಒಡೆಯೋದು ದಾಟಬಾರದ ಗೆರೆ ದಾಟಿದಾಗ ಮಾತ್ರ.

ಆಟೋಟ್ಯೂನ್ ವಿಷಯ. ಅದು ಸ್ವರದ ಎತ್ತರ ಸರಿಸುತ್ತೆ, ದನಿಯ ಬಣ್ಣ ಸರಿಸಲ್ಲ. ದನಿ ಒಡೆದಾಗ ಎರಡೂ ಒಟ್ಟಿಗೆ ಬದಲಾಗಿರುತ್ತವೆ. ಎತ್ತರ ಸರಿಮಾಡಿದರೆ, ಒಂದು ಅಕ್ಷರದ ಅರ್ಧ ಒಬ್ಬ, ಇನ್ನರ್ಧ ಇನ್ನೊಬ್ಬ ಹಾಡಿದ ಹಾಗೆ ಉಳಿಯುತ್ತೆ. ಜೊತೆಗೆ ಇವನು ಗಮಕ (ಸ್ವರವನ್ನು ಆಡಿಸಿ ಹಾಡೋದು) ಕಲಿತ ಹುಡುಗ. ಆಟೋಟ್ಯೂನ್ ತಿದ್ದುವ ವೇಗ ಜಾಸ್ತಿ ಇಟ್ಟರೆ ಕಂಪಿತವೆಲ್ಲಾ ಮೆಟ್ಟಿಲು ಮೆಟ್ಟಿಲಾಗಿ ಹಾರ್ಮೋನಿಯಂ ಥರ ಆಗುತ್ತೆ. ಉದ್ದ ನಿಂತ ಸ್ವರಗಳನ್ನು ಮಾತ್ರ ಕೈಯಲ್ಲೇ ತಿದ್ದಿ.

ರೆಕಾರ್ಡಿಂಗ್‌ಗೆ ಕಂಡೆನ್ಸರ್ ಮೈಕ್, ಪಾಪ್ ಫಿಲ್ಟರ್, ಬಾಯಿಗೆ ಒಂದು ಗೇಣು ದೂರ. ಇನ್ನೂ ಹತ್ತಿರ ತಂದರೆ ಸೋರುವ ಉಸಿರೇ ಹಾಡಿಗಿಂತ ಮುಂದೆ ಕೂರುತ್ತೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಅತಿ ಜೋರಿನ ಸಾಲು ಮೈನಸ್ 10 ಡೆಸಿಬಲ್ ದಾಟದಿರಲಿ. ರಿವರ್ಬ್ (ದನಿಯ ಹಿಂದಿನ ಗುಂಗು) ಹೆಡ್‌ಫೋನಿಗೆ ಕೊಡಿ, ಫೈಲಿಗೆ ಬೇಡ. ಮಿಕ್ಸ್ ಮಾಡುವಾಗ 'ಹೊಳಪು ಬರಲಿ' ಅಂತ 10 ಕಿಲೋಹರ್ಟ್ಸ್ ಮೇಲೆ ಏರಿಸುವ ಚಟ ಎಲ್ಲರಿಗೂ ಇದೆ. ಇಂಥ ದನಿಗೆ ಅದು ಬರೀ ಹಿಸ್ಸ್ ಕೊಡುತ್ತೆ. ಶೀಟ್ ಛಾವಣಿ ಮನೆಯಾದರೆ ಮೂರು ಕಡೆ ರಜಾಯಿ ತೂಗುಹಾಕಿ, ಫ್ಯಾನ್ ಆಫ್, ಯುಪಿಎಸ್ ಪಕ್ಕದ ಕೋಣೆಗೆ.

ಎಲ್ಲಕ್ಕಿಂತ ಮುಖ್ಯ: ಆರೂ ಹಾಡು ಒಂದೇ ವಾರದಲ್ಲಿ ಮುಗೀಬೇಕು. ದಿನಕ್ಕೆ ಎರಡು ಹಾಡು, ಹಾಡಿಗೆ ಐದು ಟೇಕ್, ಇಪ್ಪತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷ ಬಿಡುವು. ಮೂರು ದಿನ ಹಾಡು, ನಾಲ್ಕನೇ ದಿನ ತಪ್ಪಿದ ಸಾಲುಗಳು. ತಿಂಗಳು ಬಿಟ್ಟು ಒಂದು ಸಾಲು ಮಾತ್ರ ಮತ್ತೆ ಹಾಡಿಸೋಣ ಅಂದರೆ ಅದು ಪಕ್ಕದ ಸಾಲಿಗೆ ಅಂಟಲ್ಲ, ಅಣ್ಣ ಬಂದು ಹಾಡಿದ ಹಾಗಿರುತ್ತೆ.

ಅಂಡರ್ಸನ್‌ಪೇಟೆ_ಕೀಬೋರ್ಡ್:

ಮೂರು ದಿನ ಅಳೆದೆವು. ಕೆಳಗೆ ಇ3 ವರೆಗೆ ಸಲೀಸು. ಮೇಲೆ ಜಿ4 ಗಟ್ಟಿ, ಎ4 ಮೆಲ್ಲಗೆ ಸಿಗುತ್ತೆ ಆದರೆ ನಿಲ್ಲಲ್ಲ, ಬಿ ಫ್ಲಾಟ್‌ನಲ್ಲಿ ಒಡೆಯುತ್ತೆ. (ನಡುವಿನ ಸಿ ಯನ್ನು ಸಿ4 ಅಂತ ಎಣಿಸಿದ್ದು.) ಪಟ್ಟಿಯಲ್ಲಿ 'ಸೈಲೆಂಟ್ ನೈಟ್' ಮತ್ತು 'ಜಾಯ್ ಟು ದ ವರ್ಲ್ಡ್' ಎರಡರ ಕನ್ನಡ ರೂಪವೂ ಇದೆ. ಎರಡನ್ನೂ ಬಿಡೋ ಹಾಗಿಲ್ಲ.

ಮಂದ್ರಸ್ಥಾಯಿ (ಚಿಂತಾಮಣಿ):

ಬಿಡಬೇಡಿ. ನಾಲ್ಕು ಮನೆಗೆ ಇಳಿಸಿ, ಅಂದರೆ ಎಫ್.

ಎರಡನೆಯದು ಸುಲಭ. ಇಡೀ ಹಾಡು ಮಧ್ಯ ಸ ದಿಂದ ತಾರ ಸ, ಒಂದೇ ಸ್ಥಾಯಿ. ಮೊದಲ ಸಾಲೇ ಶಂಕರಾಭರಣ ರಾಗದ ಅವರೋಹಣ (ಇಳಿಯುವ ಸ್ವರಸಾಲು): ಸ ನಿ ದ ಪ ಮ ಗ ರಿ ಸ. ನಾಲ್ಕು ಮನೆಯಲ್ಲಿ ಎಫ್4 ಇಂದ ಎಫ್3. ತೊಂದರೆ ಒಂದೇ, ಮೇಲಿನ ಸ್ವರದಲ್ಲೇ ಬಾಯಿ ತೆರೀಬೇಕು. ಹಿಂದಿನ ಬಾರ್‌ನಲ್ಲಿ ಕೀಬೋರ್ಡ್ ಅದೇ ಸ ಕೊಡಲಿ, ಹುಡುಗ ಮನಸ್ಸಲ್ಲೇ ಹಿಡಿದು ಮೆಲ್ಲಗೆ ಎತ್ತಲಿ. ಹೊಡೆದು ಎತ್ತಿದರೆ ಅಲ್ಲೇ ಒಡೆಯುತ್ತೆ.

'ಸೈಲೆಂಟ್ ನೈಟ್' ಶಾಂತವಾಗಿ ಕೇಳುತ್ತೆ ಅಂತ ಎಲ್ಲರೂ ಮಕ್ಕಳ ಕೈಗೆ ಕೊಡ್ತಾರೆ. ಅದರ ವ್ಯಾಪ್ತಿ ಮಧ್ಯ ಸ ದಿಂದ ತಾರ ಮ, 17 ಅರ್ಧಸ್ವರ! ನಿಮ್ಮ ಹುಡುಗನ ಹತ್ತಿರ ಗಟ್ಟಿಯಾಗಿರೋದು ಇ3 ಇಂದ ಜಿ4, 15. ಯಾವ ಶ್ರುತಿ ಇಟ್ಟರೂ ಒಂದು ಕಡೆ ಸಿಕ್ಕಿಬೀಳುತ್ತೆ. ಆದರೆ ತಾರ ಮ ಬರೋದು ಚರಣಕ್ಕೆ ಒಂದೇ ಸಲ, ಕೊನೆಯ ಮಾತನ್ನು ಎರಡು ಸಲ ಹಾಡುವಲ್ಲಿ ಮೊದಲ ಸಲ: ರಿ ರಿ ಮ ರಿ ನಿ, ಸ, ಗ (ನಿ ಒಂದು ಮಧ್ಯ, ಮಿಕ್ಕಿದ್ದು ತಾರ). ಅದಷ್ಟನ್ನು ಕಾಯರ್‌ನ ಹೆಣ್ಣುಮಕ್ಕಳಿಗೆ ಕೊಡಿ. ಅದೇ ಜಾಗದಲ್ಲಿ ಹುಡುಗ ಕೆಳಗಿನ ಸಾಲು ಹಾಡಲಿ: ನಿ ನಿ ರಿ ನಿ ಪ, ಪ, ಸ. ಕೀಬೋರ್ಡಿನಲ್ಲಿ ಒಟ್ಟಿಗೆ ಒತ್ತುವ ಸ್ವರಗಳ ಕಾರ್ಡ್‌ಗೆ ಸರಿ ಕೂರುತ್ತೆ, ಸೋತು ಬಿಟ್ಟುಕೊಟ್ಟ ಹಾಗೂ ಕಾಣಲ್ಲ. ಈಗ ಅವನ ಮೇಲಿನ ಸ್ವರ ತಾರ ರಿ, ಅಂದರೆ ಜಿ4. ಕೆಳಗಿನ ಸ ಎಫ್3, ಅದೂ ಚರಣದ ಕೊನೆಯ ಸ್ವರವಾಗಿ ಒಮ್ಮೆ ಮಾತ್ರ.

ನಾನು ಮೇಲಿನ ಎರಡು ಅರ್ಧಸ್ವರ ಬಿಡಿ ಅಂದಿದ್ದೆ. ಎ4 ತನಕ ಸಿಗುವವನಿಗೆ ಜಿ4 ಅಂದರೆ ಅದೇ ಲೆಕ್ಕ.

ಇನ್ನೊಂದು ಮಾತು ಗಮಕದ್ದು. ಕೀಬೋರ್ಡ್ ಕಾರ್ಡ್ ಒತ್ತಿ ಹಿಡಿದಿರುವಾಗ ಅವನು ಶಂಕರಾಭರಣದ ಅಭ್ಯಾಸದಲ್ಲಿ ಗಾಂಧಾರ, ನಿಷಾದ ಆಡಿಸಿದರೆ ಕಾರ್ಡಿನೊಳಗಿನ ಅದೇ ಸ್ವರದ ಜೊತೆ ಜಗಳ ಬೀಳುತ್ತೆ. ಕೇಳುವವರಿಗೆ ಅದು ಗಮಕ ಅನ್ನಿಸಲ್ಲ, ಶ್ರುತಿ ತಪ್ಪಿದೆ ಅನ್ನಿಸುತ್ತೆ. ಕಾರ್ಡ್ ಇರುವಲ್ಲಿ ಶುದ್ಧವಾಗಿ ನಿಲ್ಲಲಿ. ಬರೀ ತಂಬೂರಿ, ಪಿಟೀಲು ಇರುವ ಶುರುವಿನ ಆಲಾಪದಲ್ಲಿ ಬೇಕಾದಷ್ಟು ಆಡಿಸಲಿ. ಗಮಕವಿಲ್ಲದೆ ಹಾಡೋದು ನಮ್ಮ ಪದ್ಧತಿಗೆ ಹೊಸದೇನಲ್ಲ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು ಶಂಕರಾಭರಣದ ಸ್ವರಗಳಲ್ಲೇ ಯುರೋಪಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದವು. ಎರಡು ವಾರ ಅವನ್ನು ಹಾಡಿಸಿ, ತಾನೇ ಹಿಡಿತ ಬರುತ್ತೆ.

ಗೇಣುದೂರ_ಮೈಕ್ (ಕೋಲಾರ):

ಎ ಇಂದ ಎಫ್ ಅಂದರೆ ನಾಲ್ಕು ಅರ್ಧಸ್ವರ. ಮುಗಿದ ಆಡಿಯೋ ಟ್ರ್ಯಾಕನ್ನು ಅಷ್ಟು ಇಳಿಸಬೇಡಿ, ಗಿಟಾರು ರಬ್ಬರ್ ಬ್ಯಾಂಡ್ ಆಗುತ್ತೆ, ಒಂದೆರಡಕ್ಕಷ್ಟೇ ಮರ್ಯಾದೆ. ಮಿಡಿ ಫೈಲ್ (ಸದ್ದಲ್ಲ, ಯಾವ ಸ್ವರ ಯಾವಾಗ ಅನ್ನೋ ಬರಹ) ಇದ್ದರೆ ಅದನ್ನೇ ಮೈನಸ್ 4 ಮಾಡಿ ಮತ್ತೆ ತೆಗೀರಿ. ಡ್ರಮ್ ಟ್ರ್ಯಾಕನ್ನು ಮಾತ್ರ ಮುಟ್ಟಬೇಡಿ. ಅದೂ ಇಳಿದರೆ ಒಂದು ವಾದ್ಯದ ಜಾಗದಲ್ಲಿ ಇನ್ನೊಂದು ಬಡಿಯುತ್ತೆ. ಬೇಸ್ ಕೆಳಗಿನ ಇ ಗಿಂತ ಕೆಳಕ್ಕೆ ಹೋದ ಕಡೆ ಒಂದು ಸ್ಥಾಯಿ ಏರಿಸಿ. ಗಿಟಾರ್ ಮತ್ತೆ ನುಡಿಸಲೇಬೇಕು: ಮೊದಲನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲಾ ಒತ್ತಿಹಿಡಿಯುವ ಕ್ಲಿಪ್) ಹಾಕಿ ಇ ಶೇಪ್ ಹಿಡಿದರೆ ಎಫ್.

ತಂಬೂರಿ ಆ್ಯಪಿನಲ್ಲಿ ಎ 440 ಇದೆಯಾ ಅಂತ ನೋಡಿಕೊಳ್ಳಿ. ಫೈನ್ ಟ್ಯೂನ್ ಐದಾರು ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಜರುಗಿದ್ದರೂ ಕೀಬೋರ್ಡಿನ ಜೊತೆ ಅಲೆ ಅಲೆಯಾಗಿ ಕೇಳುತ್ತೆ. ಮೃದಂಗ ಇದ್ದರೆ ಶ್ರುತಿ ಬದಲಾದದ್ದು ಅವರಿಗೆ ಮೊದಲೇ ಹೇಳಿ. ಆರು ಮನೆಗೆ ಇಟ್ಟ ಹೆಚ್ಚು ಶ್ರುತಿ ಮೃದಂಗ ಬಡಿದು ಬಡಿದು ಇಳಿಸಿದರೆ ನಾದ ಸತ್ತುಹೋಗುತ್ತೆ.

ಬಂಗಾರಪೇಟೆ_ಜಂಕ್ಷನ್:

ಹಕ್ಕಿನ ವಿಷಯ ಯಾರೂ ಎತ್ತಲಿಲ್ಲ. 'ಸೈಲೆಂಟ್ ನೈಟ್' ಮಟ್ಟು 1818ರದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಕನ್ನಡ ಸಾಹಿತ್ಯ ಬೇರೆ ಕೃತಿ. ನಮ್ಮ ಕಾಯ್ದೆಯಲ್ಲಿ ಅನುವಾದ ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಗೀತೆ ಪುಸ್ತಕದಲ್ಲಿ ಹೆಸರು ನೋಡಿ, ಪ್ರಕಾಶಕರಿಂದ ಒಂದು ಪತ್ರ ತಗೊಳ್ಳಿ. ತಮಿಳು, ತೆಲುಗಿಗೂ ಇದೇ. ನೆಟ್ಟಲ್ಲಿ ಸಿಕ್ಕ ಕರೋಕೆ ಟ್ರ್ಯಾಕ್ ಒಂದೇ ಒಂದು ಸೇರಿಕೊಂಡರೂ ಯೂಟ್ಯೂಬಿನಲ್ಲಿ ಕ್ಲೇಮ್ (ಇದು ನಮ್ಮದು ಅನ್ನೋ ಹಕ್ಕೊತ್ತಾಯ) ಬರಬಹುದು, ಹಾಡು ಎಷ್ಟೇ ಹಳೆಯದಿರಲಿ.

ಹಾಡನ್ನು ಆ್ಯಪುಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ನವೆಂಬರ್ ಮೊದಲ ವಾರವೇ ಫೈಲು ಹೋಗಲಿ. ಡಿಸೆಂಬರ್ ಶುರುವಿಗೆ ಮನೆಮನೆಗೆ ಕ್ಯಾರಲ್ ತಂಡಗಳು ಹೊರಟಾಗ ಹಾಡು ಜನರ ಫೋನಲ್ಲಿ ಇರಬೇಕು, 24ಕ್ಕೆ ಬಂದರೆ ಯಾರು ಕೇಳ್ತಾರೆ.

ಅಂಡರ್ಸನ್‌ಪೇಟೆ_ಕೀಬೋರ್ಡ್:

ಹಾಗಾದರೆ ಅಕ್ಟೋಬರ್ ಮೊದಲ ವಾರ ರೆಕಾರ್ಡಿಂಗ್. ಡಿಸೆಂಬರಿನಲ್ಲಿ ಚರ್ಚಲ್ಲಿ ಇದೇ ಹಾಡುಗಳನ್ನು ಹಾಡಿಸ್ತಾರೆ, ಆಲ್ಬಂ ಟ್ರ್ಯಾಕ್ ಹಾಕಿಬಿಡಬಹುದಲ್ವಾ?

ಮಂದ್ರಸ್ಥಾಯಿ (ಚಿಂತಾಮಣಿ):

ಬೇಡ. ಎರಡು ತಿಂಗಳಲ್ಲಿ ದನಿ ಇನ್ನೂ ಒಂದೆರಡು ಅರ್ಧಸ್ವರ ಇಳಿದಿರಬಹುದು, ಟ್ರ್ಯಾಕ್ ಇಳಿಯಲ್ಲ. ಕೀಬೋರ್ಡ್ ನೀವೇ ನುಡಿಸಿ. ಅವತ್ತು ಸಂಜೆ ಕಾರ್ಯಕ್ರಮಕ್ಕೆ ಮುಂಚೆ ಮತ್ತೊಮ್ಮೆ ಅಳೆದು ಟ್ರಾನ್ಸ್‌ಪೋಸ್ ಮೈನಸ್ 1 ಅಥವಾ 2 ಮಾಡಿಕೊಳ್ಳಿ. ಹೊರಗಿನ ಪೆಂಡಾಲಾದರೆ ನಮ್ಮ ಕಡೆಯ ಡಿಸೆಂಬರ್ ಚಳಿಗಾಳಿ ಒಣಗಾಳಿ, ಮಫ್ಲರ್ ಇರಲಿ, ಹಾಡಿಗೆ ಮುಂಚೆ ಬೆಚ್ಚಗಿನ ನೀರು ಗುಟುಕು ಗುಟುಕಾಗಿ. ಅವನ ಹಾಡು ಮುಗಿದ ಕೂಡಲೇ ಟ್ರಾನ್ಸ್‌ಪೋಸ್ ಸೊನ್ನೆಗೆ ತರೋದು ಮರೀಬೇಡಿ, ಆಮೇಲೆ ಕಾಯರ್ ಎದ್ದು ನಿಲ್ಲುತ್ತೆ.