ಪದಚರ್ಚೆ: ‘ಷೇರ್‌ಕ್ರಾಪಿಂಗ್’ಗೆ ಗೇಣಿ, ಕೋರು, ವಾರ, ಜೀತ – ಯಾವುದು ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ವರ್ಷಗಳ (1865–1877) ಬಗ್ಗೆ ಪಿಯುಸಿ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಆ ಕಾಲಕ್ಕೆ ‘ಪುನರ್ನಿರ್ಮಾಣ’ ಅನ್ನುವ ಹೆಸರು ನಡೆಯುತ್ತದೆ, ಅದರಲ್ಲಿ ತಕರಾರಿಲ್ಲ. ತೊಡಕಾಗಿರುವುದು ‘ಷೇರ್‌ಕ್ರಾಪಿಂಗ್’, ಅಂದರೆ ಒಡೆಯನ ಹೊಲದಲ್ಲಿ ಬೆಳೆಯ ಪಾಲಿಗೆ ದುಡಿಯುವ ಪದ್ಧತಿ. ಇದಕ್ಕೆ ಸುಮ್ನೆ ‘ಗೇಣಿ’ ಅಂತ ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಅಲ್ಲಿ ಆಗಿದ್ದು ಇಷ್ಟು. ಗುಲಾಮಗಿರಿ ಹೋಗಿ ಸುಮಾರು 40 ಲಕ್ಷ ಜನ ಬಿಡುಗಡೆಯಾದರು. ಅವರು ಮುಖ್ಯವಾಗಿ ಕೇಳಿದ್ದು ಜಮೀನು. 1865ರ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಷರ್ಮನ್ ದಕ್ಷಿಣದ ಕರಾವಳಿಯುದ್ದದ ಒಂದು ಪಟ್ಟಿ ನೆಲದಲ್ಲಿ ಇವರ ಒಂದೊಂದು ಕುಟುಂಬಕ್ಕೆ 40 ಎಕರೆವರೆಗೆ ಕೊಡಲು ಆದೇಶ ಮಾಡಿದ್ದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದರಲ್ಲಿ ಹೆಚ್ಚಿನದನ್ನು ಹಳೇ ಒಡೆಯರಿಗೇ ವಾಪಸ್ ಕೊಡಿಸಿದರು. ಕಪ್ಪು ಗಂಡಸರಿಗೆ 1870ರ 15ನೇ ತಿದ್ದುಪಡಿಯಿಂದ ವೋಟು ಸಿಕ್ಕಿತು, ನೆಲ ಸಿಗಲಿಲ್ಲ.

ಹಾಗಾಗಿ ಬಹಳ ಜನ ಹಳೇ ಒಡೆಯರ ಹೊಲಕ್ಕೇ ಇಳಿದರು. ನೆಲ, ಹೇಸರಗತ್ತೆ, ನೇಗಿಲು, ಬೀಜ ಒಡೆಯನದು. ಮನೆಮಂದಿಯೆಲ್ಲ ಸೇರಿ ಹತ್ತಿ ಬೆಳೆದರೆ ಸಾಮಾನ್ಯವಾಗಿ ಅರ್ಧ ಪಾಲು. ಬೆಳೆ ಕೈಗೆ ಬರುವ ತನಕ ಮೆಕ್ಕೆಜೋಳದ ಹಿಟ್ಟು, ಹಂದಿಮಾಂಸ, ಬಟ್ಟೆ ಎಲ್ಲ ಅಂಗಡಿಯಿಂದ ಉದ್ರಿ. ಉದ್ರಿಗೆ ಬೆಲೆಯೂ ಜಾಸ್ತಿ, ಬಡ್ಡಿಯೂ ಜಾಸ್ತಿ, ಬೆಳೆಯೇ ಅಡಮಾನ. ವರ್ಷದ ಕೊನೆಗೆ ಲೆಕ್ಕ. ಲೆಕ್ಕದ ಪುಸ್ತಕ ಒಡೆಯನ ಅಥವಾ ಅಂಗಡಿಯವನ ಕೈಯಲ್ಲಿ. ಬಾಕಿ ಉಳಿಯಿತು ಅಂದರೆ ಮುಂದಿನ ವರ್ಷವೂ ಅದೇ ಹೊಲ.

ಈಗ ನಮ್ಮ ಪದಗಳು. ಕರಾವಳಿಯವರಿಗೆ ಗೇಣಿ ಅಂದರೆ ಮಳೆ ಬರಲಿ ಬಿಡಲಿ, ಧಣಿಗೆ ಇಷ್ಟು ಮುಡಿ ಅಕ್ಕಿ ಅಳೆಯಬೇಕು. ಅದು ಪಾಲಲ್ಲ. ಅಮೆರಿಕದಲ್ಲೂ ನಿಗದಿ ಬಾಡಿಗೆ ಕೊಟ್ಟು ಉಳುವವರು ಬೇರೆ ಇದ್ದರು, ‘ಗೇಣಿ’ ಅವರಿಗೆ ಸರಿ. ಪಾಲಿನ ಸಾಗುವಳಿಗೆ ಉತ್ತರ ಕರ್ನಾಟಕದ ‘ಕೋರು’ ಇದೆ, ಹಳೇ ಮೈಸೂರು ಕಡೆ ‘ವಾರಕ್ಕೆ ಮಾಡೋದು’ ಅಂತಾರೆ. ‘ವಾರ’ ಅಂದರೆ ಮಕ್ಕಳಿಗೆ ಸೋಮವಾರ, ಮಂಗಳವಾರವೇ ನೆನಪಾಗೋದು, ಅಲ್ವಾ? ಅದಕ್ಕೆ ನನ್ನ ಒಲವು ಕೋರಿನ ಕಡೆ.

ಆದರೆ ಕೋರಿನಲ್ಲೂ ಒಂದು ಕೊರತೆ ಇದೆ. ಕೋರಿಗೆ ಮಾಡುವವನು ನಮ್ಮಲ್ಲಿ ರೈತ. 1974ರ ಭೂಸುಧಾರಣೆ ತಿದ್ದುಪಡಿ ಆದಾಗ, ಬೇರೆಯವರ ಜಮೀನು ಉಳುತ್ತಿದ್ದವರು 7ನೇ ನಮೂನೆ ಅರ್ಜಿ ಹಾಕಿ ಹಕ್ಕು ಕೇಳಬಹುದಿತ್ತು. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳ ಕಾನೂನಿನಲ್ಲಿ ಪಾಲಿಗೆ ದುಡಿಯುವವನು ಗೇಣಿದಾರನೇ ಅಲ್ಲ, ಕೂಲಿ. ಬೆಳೆಯೆಲ್ಲ ಒಡೆಯನದು, ಇವನ ಅರ್ಧ ಪಾಲು ಬರೀ ಸಂಬಳ. ಪಾಲು ಅನ್ನುವ ಮಾತಿನಲ್ಲಿ ಇರುವ ಹಕ್ಕನ್ನೇ ಕಾನೂನು ಕಿತ್ತುಕೊಂಡಿತ್ತು. ಇದು ಮಕ್ಕಳಿಗೆ ತಿಳಿಯಲೇಬೇಕು ಅನ್ನುವುದು ನನ್ನ ಹಟ.

ಹಾಗಾದರೆ ಎಲ್ಲಕ್ಕೂ ‘ಜೀತ’ ಅನ್ನೋಣವೇ? ಅದೂ ಬೇಡ. ಸಾಲ ತೀರದೆ ಹೊಲ ಬಿಡಲಾಗದವನ ಪಾಡು ಜೀತವೇ, ಅಲ್ಲಿ ಆ ಪದವನ್ನು ಧಾರಾಳವಾಗಿ ಬಳಸುತ್ತೇನೆ. ಆದರೆ ವರ್ಷ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಬೇರೆ ಒಡೆಯನ ಹತ್ತಿರ ಹೋದ ಕುಟುಂಬಗಳೂ ಬಹಳ ಇದ್ದವು.

ಬಿಡುಗಡೆಯಾದ ಜನರಿಗೆ ‘ವಿಮುಕ್ತರು’ ಅಂತ ಯಾರೋ ಸೂಚಿಸಿದರು. ನಮ್ಮಲ್ಲಿ ಅದು ಅಪರಾಧಿ ಬುಡಕಟ್ಟುಗಳ ಪಟ್ಟಿಯಿಂದ ಹೊರಬಂದ ಸಮುದಾಯಗಳ ಹೆಸರು, ಹಾಗಾಗಿ ಕೈಬಿಟ್ಟೆ.

ನನ್ನ ಪ್ರಶ್ನೆ ಎರಡು. ರಾಯಚೂರು, ಕಲಬುರಗಿ, ವಿಜಯಪುರ ಕಡೆಯವರು ಹೇಳಿ: ಎತ್ತು, ಬೀಜ ಎಲ್ಲ ಗೌಡರದೇ ಆಗಿ ಮೈಬಲ ಮಾತ್ರ ಇವನದಾದರೆ ಅದಕ್ಕೂ ಕೋರು ಅಂತಲೇ ಅನ್ನುತ್ತೀರಾ, ಬೇರೆ ಮಾತಿದೆಯಾ? ಇನ್ನೊಂದು, ನಿಂತ ಬೆಳೆಯ ಮೇಲೆ ಅಂಗಡಿಯವನು ಕೊಡುವ ಉದ್ರಿಗೆ ನಿಮ್ಮ ಕಡೆ ಬೇರೆ ಹೆಸರಿದೆಯಾ?