ಗೆದ್ದೇ ಪಡೆಯಬೇಕಾದ ಕಾರ್ಡಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಇವೇ ಜಾಸ್ತಿ. ಹೋದ ವಾರ ಮೂವರು ಕಾಲೇಜು ಹುಡುಗರು ಬಂದರು. ಪೋಕೆಮಾನ್ ಅನ್ನುವ ಜಪಾನಿ ಕಾರ್ಡಿನಾಟದ ಪಂದ್ಯ ಇಟ್ಟುಕೊಂಡಿದ್ದಾರೆ. ಅದರ ಕಾರ್ಡುಗಳು ಒಳಗೇನಿದೆ ಗೊತ್ತಾಗದ ಮುಚ್ಚಿದ ಪಾಕೀಟಿನಲ್ಲಿ ಮಾರಾಟಕ್ಕೆ ಬರುತ್ತವೆ. ಗೆದ್ದವರಿಗೆ ಕೊಡಲು ತಾವೇ ಒಂದು ಕಾರ್ಡಿನ ಚಿತ್ರ ಬರೆದಿದ್ದಾರೆ, ಮೂರೇ ಮೂರು ಪ್ರತಿ ತೆಗೆಸುತ್ತಾರಂತೆ. ನಾನು ಹ್ಯಾಂಡ್‌ಬಿಲ್ಲಿನಲ್ಲಿ ‘ಅಪರೂಪದ, ಬೆಲೆಬಾಳುವ ಬಹುಮಾನ’ ಅಂತ ಹಾಕಿ ಪ್ರೂಫ್ ಕೊಟ್ಟೆ. ಒಬ್ಬ ಹುಡುಗ ಪೆನ್ನು ತಗೊಂಡು ‘ಅಪರೂಪ’ದ ಕೆಳಗೆ ಎರಡು ಗೆರೆ ಎಳೆದ. “ಇದು ಅಲ್ರಿ ಸರ. ಅಪರೂಪದ್ದು ಪಾಕೀಟಿನ್ಯಾಗ ಸಿಗತದ. ಇದು ಸಿಗಂಗೇ ಇಲ್ಲ, ಗೆಲ್ಲಬೇಕು.”

ಅವನು ಹೇಳಿದ್ದು ಸರಿ. ಆ ಕಾರ್ಡುಗಳ ಕೆಳಗಿನ ಮೂಲೆಯಲ್ಲಿ ಸಣ್ಣ ಗುರುತು ಇರುತ್ತದೆ. ದುಂಡಗಿದ್ದರೆ ಸಾಮಾನ್ಯ, ವಜ್ರದಾಕಾರ ಇದ್ದರೆ ಸ್ವಲ್ಪ ಕಡಿಮೆ ಸಿಗುವಂಥದ್ದು, ನಕ್ಷತ್ರ ಇದ್ದರೆ ಅಪರೂಪದ್ದು. ಪಾಕೀಟು ಒಡೆಯುತ್ತಾ ಹೋದರೆ ನಕ್ಷತ್ರದ್ದೂ ಒಂದು ದಿನ ಕೈಗೆ ಬಂದೀತು. ‘ಅಪರೂಪಕ್ಕೆ ಬಂದಿರಿ’ ಅಂತೀವಲ್ಲ, ಹಾಗೆ. ಬರುವುದು ಕಡಿಮೆ, ಆದರೆ ಬರುತ್ತದೆ. ಪಂದ್ಯದ ಕಾರ್ಡು ಯಾವ ಪಾಕೀಟಿನಲ್ಲೂ ಇರುವುದೇ ಇಲ್ಲ.

‘ವಿರಳ’ ನನಗೆ ಇಲ್ಲಿ ಒಗ್ಗುವುದಿಲ್ಲ. ಅದು ಅಲ್ಲೊಂದು ಇಲ್ಲೊಂದು ಚದುರಿದ್ದಕ್ಕೆ ಆಗುವ ಮಾತು, ವಿರಳ ಜನಸಂಖ್ಯೆ ಅಂದ ಹಾಗೆ. 1996ರಲ್ಲಿ ಸಿಯಾಟಲ್‌ನಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಅನ್ನುವ, ಇಂಥದ್ದೇ ಇನ್ನೊಂದು ಕಾರ್ಡಿನಾಟದ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್‌ಗೆ ಒಂದು ಕಾರ್ಡು ಕೊಟ್ಟರು. ಅಚ್ಚಾದದ್ದೇ ಒಂದು ಪ್ರತಿ. ಒಂದೇ ಒಂದನ್ನು ವಿರಳ ಅನ್ನಲು ಬಂದೀತೇ? ‘ದುರ್ಲಭ’ ಹತ್ತಿರ ಬರುತ್ತದೆ. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಅದನ್ನು ಹಾಕಿದರೆ ಪುರಾಣ ಪ್ರವಚನದ ಕರಪತ್ರದ ಹಾಗೆ ಕಾಣುತ್ತದೆ. ನನ್ನ ಪಕ್ಕದ ಗಡಿಯಾರ ರಿಪೇರಿಯ ಚಾಚಾ ‘ನಾಯಾಬ್’ ಅಂದರು. ಸಿಗಲಾರದ್ದು ಅಂತಲೇ ಅದರ ಅರ್ಥ. ಮಾತಿನಲ್ಲಿ ನಮ್ಮ ಕಡೆ ನಡೆಯುತ್ತದೆ, ಕನ್ನಡ ಬರಹದಲ್ಲಿ ಎಲ್ಲರಿಗೂ ತಿಳಿದೀತೋ ಇಲ್ಲವೋ.

ಇನ್ನು ‘ಬೆಲೆಬಾಳುವ’. ಇದು ನನ್ನ ತಪ್ಪು. ಹುಡುಗರ ಕಾರ್ಡನ್ನು ಮಾರಲು ಹೋದರೆ ಹತ್ತು ರೂಪಾಯಿ ಸಿಗಲಿಕ್ಕಿಲ್ಲ. ಆದರೆ ಅವರ ಗುಂಪಿನಲ್ಲಿ ಅದಕ್ಕೆ ಕಿಮ್ಮತ್ತು ಇದೆ. ನಮ್ಮ ಭಾಗದಲ್ಲಿ ‘ಕಿಮ್ಮತ್ ಎಷ್ಟ್ರೀ’ ಅಂದರೆ ರೇಟು, ‘ಅಂವನ ಮಾತಿಗೆ ಕಿಮ್ಮತ್ತಿಲ್ಲ’ ಅಂದರೆ ಮರ್ಯಾದೆ. ಎರಡೂ ಒಂದೇ ಪದದಲ್ಲಿ ಇವೆ. ‘ಬೆಲೆ’ಯಲ್ಲೂ ಎರಡೂ ಇವೆ, ಆದರೆ ‘ಬೆಲೆಬಾಳುವ’ ಅಂದ ಕೂಡಲೇ ದುಡ್ಡೇ ಮುಂದೆ ಬರುತ್ತದೆ. ‘ಮೌಲ್ಯ’ ಅಂದರೆ ನನಗೆ ಬ್ಯಾಂಕಿನ ಅರ್ಜಿ ನೆನಪಾಗುತ್ತದೆ.

ದುಡ್ಡಿನ ಬೆಲೆ ಹೇಗೆ ಏರುತ್ತದೆ ಅಂತ ಹುಡುಗರೇ ಹೇಳಿದರು. ಜಪಾನಿನ ಕೊರೊಕೊರೊ ಪತ್ರಿಕೆ 1997 ಮತ್ತು 98ರಲ್ಲಿ ಚಿತ್ರ ಬರೆಯುವ ಸ್ಪರ್ಧೆ ಇಟ್ಟು, ಗೆದ್ದವರಿಗೆ ‘ಪಿಕಾಚು ಇಲಸ್ಟ್ರೇಟರ್’ ಕಾರ್ಡು ಕೊಟ್ಟಿತು. ಹಂಚಿದ್ದು 39. ಕಾರ್ಡಿನ ಸ್ಥಿತಿ ನೋಡಿ 10ರವರೆಗೆ ಅಂಕ ಕೊಡುವ ಪದ್ಧತಿ ಇದೆ. 10 ಅಂಕದ ಒಂದು ಪ್ರತಿಯನ್ನು 2021ರಲ್ಲಿ ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ 52,75,000 ಡಾಲರಿಗೆ ಕೊಂಡ. ಅದರಲ್ಲಿ ನಗದು 40 ಲಕ್ಷ ಡಾಲರ್, ಉಳಿದದ್ದಕ್ಕೆ ಅದೇ ಕಾರ್ಡಿನ 9 ಅಂಕದ ಪ್ರತಿಯನ್ನು ಬದಲಿಗೆ ಕೊಟ್ಟ. ಒಂದು ಅಂಕದ ಅಂತರಕ್ಕೆ 40 ಲಕ್ಷ ಡಾಲರ್! ಅದು ಬೆಲೆ. ಚಿತ್ರ ಬರೆದು ಗೆದ್ದ ಮಗುವಿಗೆ ಮೊದಲ ದಿನವೇ ಇದ್ದದ್ದು ಕಿಮ್ಮತ್ತು.

ಆ ಕಾರ್ಡಿನ ಮೇಲೆ ಏನು ಬರೆದಿದೆ ಗೊತ್ತಾ? ನಿಮ್ಮ ಚಿತ್ರ ಬಹಳ ಚೆನ್ನಾಗಿದೆ, ನೀವು ಅಧಿಕೃತ ಪೋಕೆಮಾನ್ ಕಾರ್ಡು ಚಿತ್ರಕಾರರು, ನಿಮ್ಮ ಕೈಚಳಕವನ್ನು ಮೆಚ್ಚಿದ್ದೇವೆ ಅಂತ. ಇದು ಕೇಳಿದ ಮೇಲೆ ನನಗೆ ನಮ್ಮ ಶಾಸನಗಳು ನೆನಪಾದವು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ’ ಅಂತ ಬರುತ್ತದಲ್ಲ, ಅದನ್ನು ಪ್ರಶಸ್ತಿ ಅಂತಾರೆ. ಪ್ರಶಸ್ತಿ ಅಂದರೆ ಮೊದಲು ಹೊಗಳಿ ಬರೆದ ಮಾತು, ಕೈಗೆ ಕೊಡುವ ವಸ್ತು ಅಲ್ಲ. ಈ ಕಾರ್ಡಿನಲ್ಲಿ ಹೊಗಳಿದ ಮಾತೂ ಕೈಗೆ ಕೊಟ್ಟ ವಸ್ತುವೂ ಒಂದೇ ಆಗಿವೆ. ಹಾಗಾಗಿ ‘ಪ್ರಶಸ್ತಿ ಕಾರ್ಡು’ ಅನ್ನುವುದು ನನಗೆ ತುಂಬಾ ಹಿಡಿಸಿದೆ.

ಹುಡುಗರಿಗೆ ‘ಇನಾಮಿನ ಕಾರ್ಡು’ ಇಷ್ಟ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಮೊದಲು ತೆಂಗಿನಕಾಯಿ, ಕೊನೆಗೆ ಬೆಳ್ಳಿ ಕಡಗ ಇಡುತ್ತಾರೆ, ಎರಡಕ್ಕೂ ಇನಾಮು ಅನ್ನುವುದು ರೂಢಿ. ಬೆಳ್ಳಿ ಕಡಗವನ್ನು ಸರಾಫರ ಅಂಗಡಿಯಲ್ಲೂ ಕೊಳ್ಳಬಹುದು, ಆದರೆ ಕೊಂಡ ಕಡಗವನ್ನು ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಈ ವಾದ ನನಗೂ ಒಪ್ಪಿಗೆಯೇ. ಒಂದೇ ಅಡ್ಡಿ. ಇನಾಮು ಅಂದರೆ ದೊಡ್ಡವರು ಮೆಚ್ಚಿ ಕೊಟ್ಟದ್ದು ಅಂತಲೂ ಆಗುತ್ತದೆ, ಇನಾಮು ಭೂಮಿ ಇತ್ತಲ್ಲ, ಹಾಗೆ. ಆಡಿ ಗೆದ್ದದ್ದು ಅನ್ನುವ ಅರ್ಥ ಅದರಲ್ಲಿ ಗಟ್ಟಿಯಾಗಿ ಕೂರುವುದಿಲ್ಲ.

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ. ಕುಸ್ತಿಯಲ್ಲಿ ಗೆದ್ದ ಕಡಗಕ್ಕೂ ಅಂಗಡಿಯಲ್ಲಿ ಕೊಂಡ ಕಡಗಕ್ಕೂ ನಿಮ್ಮೂರಲ್ಲಿ ಬೇರೆ ಬೇರೆ ಹೆಸರು ಇದೆಯೇ? ‘ಪ್ರಶಸ್ತಿ ಕಾರ್ಡು’ ಅಂದರೆ ನಿಮಗೆ ಮೊದಲು ಏನು ಹೊಳೆಯುತ್ತದೆ? ‘ಅಪರೂಪದ’ ಅನ್ನುವ ಜಾಗ ಪ್ರೂಫಿನಲ್ಲಿ ಇನ್ನೂ ಖಾಲಿ ಇದೆ. ಶನಿವಾರ ಪ್ರಿಂಟಿಗೆ ಹೋಗಬೇಕು.